ವಿಜಯಪುರಕ್ಕೆ ಬಂದರೆ ದ್ರಾಕ್ಷಿ ಪಡಕ್ಕೂ ಬನ್ನಿ: ಮೂರು ದಿನದ ದಾರಿ

ಗೋಳಗುಮ್ಮಟ ಹತ್ತಿ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಫೋಟೋ ತೆಗೆಸಿಕೊಂಡು, ಸಂಜೆಯ ಬಸ್ಸಿಗೆ ಬಾದಾಮಿ ಕಡೆ ಹೊರಟುಬಿಡುವವರೇ ಜಾಸ್ತಿ. ನಮ್ಮ ಮನೆಗೆ ಬರುವ ನೆಂಟರೂ ಹಾಗೇ ಮಾಡುತ್ತಿದ್ದರು. ಊರಿನಿಂದ ಅರ್ಧ ಗಂಟೆ ಪಶ್ಚಿಮಕ್ಕೆ ಹೋದರೆ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ, ನಮ್ಮ ಮಾತಿನಲ್ಲಿ ಪಡ, ಇದೆ, ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದೇ ಎಂದರೆ ಅವರಿಗೆ ಆಶ್ಚರ್ಯ. "ಬಿಜಾಪುರ ಅಂದ್ರೆ ಬರಗಾಲ ಅಲ್ವಾ?" ಎಂದು ಕೇಳುತ್ತಾರೆ. ಬರಗಾಲವೂ ಹೌದು, ದ್ರಾಕ್ಷಿಯೂ ಹೌದು. ನೀರು ಕಡಿಮೆ ಇರುವ ನೆಲದಲ್ಲಿ ಆಗ ಆದಿಲ್ ಶಾಹಿ ಬಾದಶಹರು ನಗರ ಕಟ್ಟಿದ್ದು ಹೇಗೆ, ಈಗ ರೈತರು ಬಳ್ಳಿ ಬೆಳೆಸುವುದು ಹೇಗೆ? ಈ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ನಮ್ಮ ಊರು ಅರ್ಥವಾಗುತ್ತದೆ. ಅದಕ್ಕೆ ಮೂರು ದಿನ ಬೇಕು.

ನಾನು ಪ್ರತಿ ವರ್ಷ ಒಂದಿಬ್ಬರು ಗೆಳತಿಯರನ್ನಾದರೂ ಈ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಬನ್ನಿ. ಬೇರೆ ತಿಂಗಳಲ್ಲಿ ಬಂದರೆ ಗುಮ್ಮಟ ಸಿಗುತ್ತದೆ, ಹಣ್ಣು ಸಿಗುವುದಿಲ್ಲ. ಒಮ್ಮೆ ಮೇ ರಜೆಯಲ್ಲಿ ಮೈಸೂರಿನ ಗೆಳತಿಯ ಮನೆಯವರನ್ನು ಕರೆದುಕೊಂಡು ಹೋಗಿದ್ದೆ. 40 ಡಿಗ್ರಿ ಬಿಸಿಲು. ತೋಟದಲ್ಲಿ ಬರೀ ಬೋಳು ಕಡ್ಡಿ, ಅಲ್ಲೊಂದು ಇಲ್ಲೊಂದು ಚಿಗುರು. ಮಕ್ಕಳ ಮುಖ ನೋಡಿ ಬೇಜಾರಾಯಿತು.

ಇದಕ್ಕೆ ಕಾರಣ ಚಾಟ್ನಿ. ಬಳ್ಳಿ ಕತ್ತರಿಸುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ತಾನೇ ಮಲಗುತ್ತದೆ, ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಅಲ್ಲಿ ಕೊಯ್ಲು. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಟಿಕೋಟಾ ಹತ್ತಿರ ತೋಟ ಮಾಡುವ ನಮ್ಮ ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಇಲ್ಲಿ ಬಳ್ಳಿಗೆ ತಾನಾಗೇ ನಿದ್ದಿ ಬರಂಗಿಲ್ಲವ್ವ. ನಾವೇ ಮಲಗಸಬೇಕು, ನಾವೇ ಎಬ್ಬಸಬೇಕು." ಏಪ್ರಿಲ್‌ನಲ್ಲಿ ಒಂದು ಚಾಟ್ನಿ. ಅದರಿಂದ ಹೊಸ ಕಡ್ಡಿ ಬೆಳೆದು ಮುಂದಿನ ಫಸಲಿನ ಕಣ್ಣು, ಅಂದರೆ ಮೊಗ್ಗು, ಕೂರುತ್ತದೆ. ಅಕ್ಟೋಬರ್ ಹೊತ್ತಿಗೆ ಇನ್ನೊಂದು ಚಾಟ್ನಿ. ಅದರಿಂದ ಹೂವು, ಕಾಯಿ. ಅಲ್ಲಿಂದ ಸುಮಾರು 120 ರಿಂದ 130 ದಿನಕ್ಕೆ ಹಣ್ಣು. ಲೆಕ್ಕ ಹಾಕಿದರೆ ಫೆಬ್ರುವರಿ ಬಂತು. ನವೆಂಬರ್‌ನಲ್ಲಿ ಹೂವಿನ ಹೊತ್ತಿಗೆ ಅಕಾಲ ಮಳೆ ಬಿದ್ದರೆ ದಾವಣಿ ಎಂಬ ಬೂಷ್ಟು ರೋಗ ಬಂದು ಇಡೀ ವರ್ಷದ ದುಡಿಮೆ ಹೋಗುತ್ತದೆ. ಆ ತಿಂಗಳಲ್ಲಿ ಯಾವ ರೈತನಿಗೂ ಅತಿಥಿಗಳ ಜೊತೆ ಮಾತಾಡುವ ಮನಸ್ಸು ಇರುವುದಿಲ್ಲ. ಆಗ ತೋಟಕ್ಕೆ ಹೋಗಲೇಬೇಡಿ.

ಜನವರಿ ಮಧ್ಯದಲ್ಲೇ ಬರುವುದಾದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಸಿಗುತ್ತದೆ. ಜೋಳದ ಹೊಲದಲ್ಲಿ ಸೀತನಿಯೂ ಸಿಗುತ್ತದೆ. ಹಾಲುದುಂಬಿದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಬೆಲ್ಲದ ಜೊತೆ ತಿನ್ನುವುದು. ಆದರೆ ಜಾತ್ರೆಯ ದಿನಗಳಲ್ಲಿ ಊರಲ್ಲಿ ರೂಮು ಸಿಗುವುದು ಕಷ್ಟ. ಮೊದಲೇ ಹಿಡಿದಿಡಿ.

ಬರುವುದು, ಉಳಿಯುವುದು

ಮೈಸೂರು, ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಇದೆ. ರಾತ್ರಿ ಮಲಗಿ ಎದ್ದರೆ ಬಾಗಲಕೋಟೆ ದಾಟಿ ಕೃಷ್ಣೆಯ ಮೇಲೆ ಬರುತ್ತೀರಿ. ರೈಲ್ವೆ ನಿಲ್ದಾಣದಿಂದ ಗುಮ್ಮಟ ತೀರಾ ಹತ್ತಿರ. ಉಳಿಯಲು ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್ ಶಾಹಿ ಇದೆ, ಸ್ಟೇಷನ್ ರಸ್ತೆಯಲ್ಲಿ ಖಾಸಗಿ ಹೋಟೆಲುಗಳೂ ಇವೆ. ಮೂರು ರಾತ್ರಿಯೂ ಊರಲ್ಲೇ ಒಂದೇ ಕಡೆ ಉಳಿಯಿರಿ. ದಿನವೂ ಗಂಟು ಕಟ್ಟುವ ಕೆಲಸ ತಪ್ಪುತ್ತದೆ.

ಊರೊಳಗೆ ಆಟೋ ಸಾಕು. ಟಾಂಗಾ ಸಿಕ್ಕರೆ ಒಂದು ಸಲ ಹತ್ತಿ. ಎರಡನೇ ಮತ್ತು ಮೂರನೇ ದಿನಕ್ಕೆ ಮಾತ್ರ ಬಾಡಿಗೆ ಕಾರು ಬೇಕು. ವೈನ್ ರುಚಿ ನೋಡುವ ಯೋಚನೆ ಇದ್ದರೆ ಚಾಲಕ ಸಮೇತ ಮಾಡಿಕೊಳ್ಳಿ, ನೀವೇ ಓಡಿಸಬೇಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ, ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಓಡಾಡುವ ರಸ್ತೆ ಇದು.

ಮೊದಲ ದಿನ: ಊರು

ಗೋಳಗುಮ್ಮಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗಿ. ಇದೊಂದು ಮಾತನ್ನು ಮಾತ್ರ ಮರೆಯಬೇಡಿ. ಒಂಬತ್ತು ದಾಟಿದರೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ, ಆಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಿಳ್ಳೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮೂಲೆಯ ಏಳಂತಸ್ತಿನ ಗೋಪುರದೊಳಗೆ ಕಿರಿದಾದ ಮೆಟ್ಟಿಲು, ಹೆಜ್ಜೆ ಎತ್ತರ. ಮೊಣಕಾಲು ನೋವಿನವರು ಕೆಳಗೇ ಕುಳಿತು ಗುಮ್ಮಟದ ಒಳಗನ್ನು ನೋಡಿದರೂ ನಷ್ಟವಿಲ್ಲ. ಮೇಲೆ ಹೋದವರು ಗೋಡೆಗೆ ಬೆನ್ನು ಕೊಟ್ಟು ಕುಳಿತು, ಎದುರು ಬದಿಯಲ್ಲಿ ಇನ್ನೊಬ್ಬರನ್ನು ಕೂರಿಸಿ. ನಡುವೆ ಸುಮಾರು 38 ಮೀಟರ್ ಖಾಲಿ ಜಾಗ. ಅವರು ಗೋಡೆಯ ಕಡೆ ಬಾಯಿ ಮಾಡಿ ಉಸಿರಿನಲ್ಲೇ ಹೆಸರು ಹೇಳಿದರೂ ನಿಮ್ಮ ಕಿವಿಯ ಹತ್ತಿರ ಬಂದು ಹೇಳಿದಂತೆ ಇರುತ್ತದೆ. ನಡುವೆ ಒಂದು ಕಂಬವೂ ಇಲ್ಲದ ಈ ಗುಮ್ಮಟ ಮುಗಿದದ್ದು 1656ರಲ್ಲಿ. ಅದರ ಕೆಳಗೆ ಮುಹಮ್ಮದ್ ಆದಿಲ್ ಶಾಹನ ಗೋರಿ ಇದೆ. ಮುಂದಿನ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಬಾರಾ ಕಮಾನ್, ಜಾಮಿಯಾ ಮಸೀದಿ, ಉಪ್ಪಲಿ ಬುರುಜು, 1549ರಲ್ಲಿ ಎರಕ ಹೊಯ್ದ 55 ಟನ್ನಿನ ಮಲಿಕ್-ಎ-ಮೈದಾನ್ ತೋಪು: ಇವೆಲ್ಲ ಒಂದಕ್ಕೊಂದು ಹತ್ತಿರ. ಆಟೋದವರೇ ಸರಿಯಾಗಿ ಸುತ್ತಿಸುತ್ತಾರೆ. ನಾನು ಹೆಚ್ಚು ಹೊತ್ತು ನಿಲ್ಲಿ ಎನ್ನುವುದು ತಾಜ್ ಬಾವಡಿಯ ಹತ್ತಿರ. 1620ರ ಸುಮಾರಿಗೆ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಕಟ್ಟಿದ ದೊಡ್ಡ ಬಾವಿ ಇದು. ದೊಡ್ಡ ಕಮಾನು, ಎರಡೂ ಕಡೆ ಗೋಪುರ, ಮೆಟ್ಟಿಲಿಳಿದರೆ ನೀರು. ನಾನು ಚಿಕ್ಕವಳಿದ್ದಾಗ ಇಲ್ಲಿ ಕಸ ತುಂಬಿ ನಾರುತ್ತಿತ್ತು, ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಊರಿನ ಹಳೆಯ ಬಾವಡಿಗಳ ಹೂಳು ತೆಗೆಸಿದರು. ಹೂಳೆತ್ತಿದ ಮೇಲೆ ಮೊದಲ ಸಲ ನಮ್ಮ ಅವ್ವನನ್ನು ಕರೆದುಕೊಂಡು ಹೋದಾಗ ಅವಳು ಮಾತಾಡದೆ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದಳು. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತ ದಿನಗಳನ್ನು ಕಂಡವಳು ಅವಳು.

ಸಂಜೆ ಇಳಿಬಿಸಿಲಿಗೆ ಇಬ್ರಾಹಿಂ ರೋಜಾ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ, ಬೆಳಕು ಅಕ್ಷರದ ಸಂದಿನಿಂದ ಒಳಗೆ ಬೀಳುತ್ತದೆ. ಗುಮ್ಮಟ ಬೆರಗು ಹುಟ್ಟಿಸುತ್ತದೆ. ರೋಜಾ ಹತ್ತಿರ ಕರೆಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸು ಎಂದರೆ ನಾನು ರೋಜಾ ಎನ್ನುತ್ತೇನೆ.

ಊಟಕ್ಕೆ ದೊಡ್ಡ ಹೋಟೆಲು ಬೇಡ, ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಈ ಬಿಳಿ ಜೋಳ ಬರುವುದು ಡೋಣಿ ನದಿಯ ಕಪ್ಪು ಮಣ್ಣಿನಿಂದ. "ಡೋಣಿ ಹರಿದರ ಓಣೆಲ್ಲ ಜೋಳ" ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ.

ಎರಡನೇ ದಿನ: ತೊರವಿಯಿಂದ ಟಿಕೋಟಾ

ಬೆಳಿಗ್ಗೆ ಏಳಕ್ಕೇ ಅಥಣಿ ರಸ್ತೆ ಹಿಡಿಯಿರಿ. ಐದಾರು ಕಿಲೋಮೀಟರಿಗೆ ತೊರವಿ. ನರಸಿಂಹನ ಗುಡಿ ಇರುವ ಊರು. ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದದ್ದು ಇಲ್ಲೇ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಹೊಸ ರಾಜಧಾನಿ ಕಟ್ಟಲು ಶುರು ಮಾಡಿದ್ದೂ ಇಲ್ಲೇ. ಅದಕ್ಕೆ ನೌರಸಪುರ ಎಂದು ಹೆಸರಿಟ್ಟ. ನಮಗೆ ನವರಸ ಎಂದರೆ ಒಂಬತ್ತು ರಸ, ಪಾರಸಿಯಲ್ಲಿ ನೌರಸ್ ಎಂದರೆ ಹೊಸದಾಗಿ ಬಂದದ್ದು, ಆಗತಾನೇ ಮಾಗಿದ್ದು. ಸಂಗೀತಪ್ರಿಯ ಬಾದಶಹನಿಗೆ ಎರಡೂ ಅರ್ಥ ಬೇಕಾಗಿತ್ತು ಅನಿಸುತ್ತದೆ. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ದಾಳಿ ಮಾಡಿ ಊರನ್ನು ಹಾಳುಗೆಡವಿದ. ಸಂಗೀತ ಮಹಲಿನ ಮುರಿದ ಗೋಡೆ, ಕಮಾನು ಉಳಿದಿವೆ. ಹುಲ್ಲಿನ ಮೇಲೆ ಕುಳಿತು ಕಟ್ಟಿಕೊಂಡು ತಂದ ತಿಂಡಿ ತಿನ್ನಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ತೊರವಿಯಲ್ಲಿ ನೋಡಲೇಬೇಕಾದದ್ದು ನೆಲದ ಕೆಳಗಿದೆ. ಸುರಂಗ ಬಾವಡಿ ಎಲ್ಲಿ ಎಂದು ಊರವರನ್ನು ಕೇಳಿ. ಇಲ್ಲಿಂದ ವಿಜಯಪುರ ನಗರಕ್ಕೆ ನೆಲದೊಳಗೆ ಸುರಂಗ ಕೊರೆದು ನೀರು ಹರಿಸುತ್ತಿದ್ದರು. ಪಂಪು ಇಲ್ಲ, ಎತ್ತು ಇಲ್ಲ, ಬರೀ ಇಳಿಜಾರಿನ ಲೆಕ್ಕ. ಅಲ್ಲಲ್ಲಿ ಗಾಳಿಗೆ, ಹೂಳು ತೆಗೆಯಲು ಇಳಿಯುವುದಕ್ಕೆ ಮೇಲಿನಿಂದ ಬಾವಿಯಂಥ ತೂತು. ಇದೇ ಕರೇಜ್. ಇರಾನಿನ ಒಣ ಸೀಮೆಯ ವಿದ್ಯೆ ನಮ್ಮ ಒಣ ಸೀಮೆಗೆ ಬಂತು. ಕಂಡಿಗಳ ಅಂಚಿಗೆ ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ, ವಿಜಯಪುರದಿಂದ ಸುಮಾರು 20 ಕಿಲೋಮೀಟರಿಗೆ ಟಿಕೋಟಾ. ಅಷ್ಟರಲ್ಲಿ ಎರಡೂ ಬದಿ ಹಂದರ ಶುರುವಾಗಿರುತ್ತದೆ. ಪ್ರತಿ ಪಡದ ಪಕ್ಕ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಕಾಣುತ್ತದೆ, ಗಮನಿಸಿ. ಬೋರ್‌ವೆಲ್ ನೀರು, ಕಾಲುವೆ ನೀರು, ಬರ ಬಂದ ವರ್ಷ ದುಡ್ಡು ಕೊಟ್ಟು ತಂದ ಟ್ಯಾಂಕರ್ ನೀರು, ಎಲ್ಲವೂ ಆ ಹೊಂಡಕ್ಕೆ. ಅಲ್ಲಿಂದ ಡ್ರಿಪ್ ಪೈಪಿನಲ್ಲಿ ಹನಿ ಹನಿಯಾಗಿ ಬಳ್ಳಿಯ ಬುಡಕ್ಕೆ. ತಾಜ್ ಬಾವಡಿ ನೋಡಿ ಬಂದ ಕಣ್ಣಿಗೆ ಈ ಹೊಂಡವೂ ಒಂದು ಬಾವಡಿಯಂತೆಯೇ ಕಾಣುತ್ತದೆ.

ಪಡದೊಳಗೆ ಹೋಗುವ ರೀತಿ ಹೀಗೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ನೇರ ಒಳಗೆ ನುಗ್ಗಬೇಡಿ. ಗೇಟಿನಲ್ಲಿ ನಿಂತು ಕೇಳಿ. "ನೋಡಿ ಹೋಗ್ತೀವಿ ರೀ" ಎಂದರೆ ಬೇಡ ಎನ್ನುವವರು ಕಡಿಮೆ. ಔಷಧ ಹೊಡೆಯುತ್ತಿದ್ದರೆ ಮಾತ್ರ ತಿರುಗಿ ಬನ್ನಿ. ಹಂದರದ ಕೆಳಗೆ ತಲೆ ಬಗ್ಗಿಸಿ ನಡೆಯಿರಿ. ಹಣ್ಣನ್ನು ಮುಟ್ಟಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. ನನ್ನ ಗೆಳತಿ ಒಮ್ಮೆ ಗೊನೆಯನ್ನು ಅಂಗೈಯಲ್ಲಿ ಹಿಡಿದು ಫೋಟೋಕ್ಕೆ ನಿಂತಾಗ ಕಾಕಾ ಓಡಿ ಬಂದರು. "ಅಕ್ಕಾರ, ಕೈ ಹಚ್ಚಬ್ಯಾಡ್ರಿ. ಮ್ಯಾಲಿನ ಬೂದಿ ಹೋದ್ರ ರೇಟೂ ಹೋಗ್ತದ." ಹಣ್ಣಿನ ಮೇಲಿನ ಆ ತೆಳ್ಳನೆ ಬಿಳಿ ಪುಡಿ ಹಣ್ಣೇ ಮಾಡಿಕೊಂಡ ಮೇಣ. ಅದು ಇದ್ದರೆ ತಾಜಾ ಎಂದು ವ್ಯಾಪಾರಿ ನಂಬುತ್ತಾನೆ. ತಿನ್ನಬೇಕೆನಿಸಿದರೆ ಅವರನ್ನೇ ಕೇಳಿ, ಅವರು ಕೊಯ್ದು ಕೊಟ್ಟದ್ದನ್ನು ತೊಳೆದು ತಿನ್ನಿ. ಕೊನೆಯ ಔಷಧ ಹೊಡೆದು ಎಷ್ಟು ದಿನ ಆಯಿತು ಎಂಬುದು ಅವರಿಗೆ ಮಾತ್ರ ಗೊತ್ತು. ದುಡ್ಡು ಕೊಟ್ಟರೆ ಬೇಡ ಎನ್ನುತ್ತಾರೆ. ಒಂದು ಬಾಕ್ಸ್ ಖರೀದಿ ಮಾಡಿ, ಅದು ಇಬ್ಬರಿಗೂ ಸಮಾಧಾನ.

ಇಲ್ಲಿ ಬೆಳೆಯುವುದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್, ಕಪ್ಪಿನಲ್ಲಿ ಶರದ್. ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಹಾಗಾಗಿ ಪಡ ನೋಡಿದ ಮೇಲೆ ಒಣಗಿಸುವ ಶೆಡ್ಡಿಗೆ ಹೋಗಲೇಬೇಕು. ನನಗಂತೂ ಇಡೀ ಪ್ರವಾಸದಲ್ಲಿ ಇಷ್ಟದ ಜಾಗ ಇದು. ಉದ್ದದ ಶೆಡ್ಡು, ಸುತ್ತ ಹಸಿರು ನೆಟ್ಟು, ಒಳಗೆ ಒಂದರ ಮೇಲೊಂದು ಹತ್ತಾರು ಸಾಲು ಜಾಲರಿ. ಹೊರಗೆ ಟಬ್ಬಿನಲ್ಲಿ ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರು. ಗೊನೆಗಳನ್ನು ಬುಟ್ಟಿಯಲ್ಲಿಟ್ಟು ಎರಡು ಮೂರು ನಿಮಿಷ ಅದರಲ್ಲಿ ಅದ್ದುತ್ತಾರೆ. ಆಗ ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ತಿಂಗಳುಗಟ್ಟಲೆ ಕಾಪಾಡಿದ ಅದೇ ಬೂದಿಯನ್ನು ಇಲ್ಲಿ ಬೇಕೆಂದೇ ಬಿಡಿಸುತ್ತಾರೆ! ನೆರಳಿನಲ್ಲಿ ಎರಡು ವಾರ, ಒಣ ಗಾಳಿ ಚೆನ್ನಾಗಿ ಬೀಸಿದರೆ ಇನ್ನೂ ಮೊದಲೇ, ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಜಾಲರಿ ಅಲುಗಿಸಿದಾಗ ಕಾಳು ಉದುರುವ ಸದ್ದು, ಬೆಲ್ಲದ ಪಾಕದಂಥ ವಾಸನೆ, ಗುಂಪಾಗಿ ಕುಳಿತು ಕಡ್ಡಿ ಆರಿಸುವ ಹೆಂಗಸರ ಹಾಡು. ಒಂದು ಗಂಟೆ ಅಲ್ಲೇ ಕುಳಿತುಬಿಡಿ.

ವೈನ್ ವಿಚಾರ

ನಾಸಿಕದಂತೆ ಇಲ್ಲಿ ಸಾಲು ಸಾಲು ವೈನರಿ, ರೆಸ್ಟೋರೆಂಟ್, ಸಂಗೀತ ಇರುತ್ತದೆ ಎಂದುಕೊಂಡು ಬರಬೇಡಿ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಕೃಷ್ಣಾ ಕಣಿವೆ ಎಂದು ಕರೆಯುವ ನಮ್ಮ ಸೀಮೆಯಲ್ಲೂ ವೈನ್ ದ್ರಾಕ್ಷಿಯ ಮಾತು ಶುರುವಾಯಿತು. ಆದರೆ ವೈನ್ ಘಟಕ ಎಂದರೆ ಕಾರ್ಖಾನೆ, ಎಲ್ಲರೂ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಒಮ್ಮೆ ಹೇಳದೆ ಕೇಳದೆ ಒಂದು ವೈನರಿಗೆ ಎರಡು ಗಂಟೆ ಪ್ರಯಾಣ ಮಾಡಿ ಹೋಗಿದ್ದೆವು. "ಯಂತ್ರ ರಿಪೇರಿ ನಡದೈತ್ರಿ, ಒಳಗ ಬಿಡಂಗಿಲ್ಲ" ಎಂದು ಗೇಟಿನಲ್ಲೇ ಕಾವಲುಗಾರ ಹೇಳಿದ. ಬಿಸಿಲಲ್ಲಿ ನೀರು ಕುಡಿದು ವಾಪಸು ಬಂದೆವು. ಅದಕ್ಕೇ ಹೇಳುವುದು, ಎರಡು ದಿನ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಸಂದರ್ಶಕರನ್ನು ಬಿಡುತ್ತೀರಾ, ರುಚಿ ನೋಡಲು ಕೊಡುತ್ತೀರಾ, ಅಲ್ಲೇ ಮಾರುತ್ತೀರಾ.

ಒಳಗೆ ಹೋದರೆ ಮೊದಲು ಹಣ್ಣು ನೋಡಿ. ಶಿರಾಜ್, ಕ್ಯಾಬರ್ನೆ ಸೊವಿನ್ಯಾನ್, ಶೆನಾ ಬ್ಲಾಂಕ್ ಇವೆಲ್ಲ ತಿನ್ನುವ ದ್ರಾಕ್ಷಿಯಂತೆ ಉದ್ದ, ದಪ್ಪ ಇರುವುದಿಲ್ಲ. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದಂಥ ಹಣ್ಣು. ವೈನಿಗೆ ಅದೇ ಬೇಕು, ಏಕೆಂದರೆ ಬಣ್ಣವೂ ಒಗರೂ ಸಿಪ್ಪೆ, ಬೀಜದಲ್ಲಿವೆ. ಕೆಂಪು ವೈನಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ. ಬಿಳಿಗೆ ಮೊದಲೇ ಹಿಂಡಿ ರಸ ಮಾತ್ರ ಇಡುತ್ತಾರೆ. ಕೊಯ್ಲನ್ನು ಬೆಳಗಿನ ತಂಪಿನಲ್ಲೇ ಮುಗಿಸುತ್ತಾರೆ, ಬಿಸಿಲೇರಿದ ಮೇಲೆ ಹಣ್ಣು ಕ್ರೇಟಿನಲ್ಲೇ ಹುಳಿಯಲು ಶುರುವಾಗುತ್ತದೆ.

ರುಚಿ ನೋಡುವಾಗ ಬಿಳಿಯಿಂದ ಶುರು ಮಾಡಿ ಕೆಂಪಿಗೆ ಬನ್ನಿ. ಗ್ಲಾಸನ್ನು ಕೆಳಗಿನ ಕಡ್ಡಿಯಲ್ಲಿ ಹಿಡಿಯಿರಿ, ಅಂಗೈ ಬಿಸಿಗೆ ವೈನ್ ಬೇಗ ಕಾಯುತ್ತದೆ. ಮೂಸಿ ನೋಡಿ, ಒಂದು ಗುಟುಕು ಬಾಯಲ್ಲಿ ಆಡಿಸಿ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕುಡಿಯದವರು ಮುಜುಗರ ಪಡಬೇಕಿಲ್ಲ, ನಾನೇ ಎರಡು ಗುಟುಕಿನ ಮೇಲೆ ಹೋಗುವುದಿಲ್ಲ. ಕೆಂಪು ವೈನನ್ನು ಹೊರಗಿನ ತಾಪಮಾನದಲ್ಲೇ ಕುಡಿಯಬೇಕು ಎಂಬ ಮಾತು ನಮ್ಮ ಸೀಮೆಗೆ ಹೊಂದುವುದಿಲ್ಲ. ಅದಕ್ಕೆ 16 ರಿಂದ 18 ಡಿಗ್ರಿ ಸಾಕು, ನಮ್ಮಲ್ಲಿ ಮಾರ್ಚ್ ಮಧ್ಯಾಹ್ನ ಅದರ ಎರಡರಷ್ಟು ಇರುತ್ತದೆ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟೇ ತೆಗೆಯಿರಿ. ನಮ್ಮ ಖಾರದ ಎಣ್ಣೆಗಾಯಿ, ಶೇಂಗಾ ಚಟ್ನಿಯ ಜೊತೆ ಒಗರಿನ ಕೆಂಪು ವೈನ್ ಜಗಳವಾಡುತ್ತದೆ. ತುಸು ಸಿಹಿ ಇರುವ ಶೆನಾ ಬ್ಲಾಂಕ್ ಹೊಂದಿಕೊಳ್ಳುತ್ತದೆ.

ಬಾಟಲಿ ಕೊಂಡರೆ ದಿನದ ಕೊನೆಗೆ ಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮೂರು ಗಂಟೆ ಬಿಟ್ಟರೆ ಒಳ್ಳೆಯ ವೈನೂ ಕೆಡುತ್ತದೆ.

ಮೂರನೇ ದಿನ: ನೀರಿನ ಹತ್ತಿರ

ಬಾದಾಮಿ, ಪಟ್ಟದಕಲ್ಲು ಇದೇ ದಿನ ಮುಗಿಸೋಣ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಅವಕ್ಕೇ ಎರಡು ದಿನ ಬೇಕು, ಬೇರೆ ಸಲ ಬನ್ನಿ. ಈ ದಿನ ಆಲಮಟ್ಟಿಗೆ ಹೋಗಿ, ವಿಜಯಪುರದಿಂದ 60 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕೃಷ್ಣೆಗೆ ಕಟ್ಟಿದ ಲಾಲ್ ಬಹದ್ದೂರ್ ಶಾಸ್ತ್ರಿ ಜಲಾಶಯ, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ನೀವು ನಿನ್ನೆ ನೋಡಿದ ಸೀಮೆಗೆ ಏತ ನೀರಾವರಿಯಲ್ಲಿ ಮೇಲೆ ಹತ್ತಿ ಬರುವುದು ಇದೇ ಕೃಷ್ಣೆಯ ನೀರು. ಉದ್ಯಾನ, ಕಾರಂಜಿ ಮಕ್ಕಳಿಗೆ ಇಷ್ಟವಾಗುತ್ತವೆ. ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಎಷ್ಟೋ ಹಳ್ಳಿಗಳೂ ಮುಳುಗಿವೆ. ಊರು ಬಿಟ್ಟವರ ಮಾತು ಕೇಳಬೇಕೆಂದರೆ ಅಲ್ಲಿನ ಚಹಾ ಅಂಗಡಿಯಲ್ಲಿ ಕುಳಿತುಕೊಳ್ಳಿ. ಯಾರಾದರೂ ಒಬ್ಬರು ತಮ್ಮ ಮುಳುಗಿದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೈ ಮಾಡಿ ತೋರಿಸುತ್ತಾರೆ.

ಮಧ್ಯಾಹ್ನ ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಸೇರುವ ಜಾಗ, ಬಸವಣ್ಣನವರು ಐಕ್ಯರಾದ ಸ್ಥಳ. ಹಿನ್ನೀರು ಏರಿದಾಗ ಮುಳುಗದಂತೆ ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಹಿಂದಿನ ದಿನ ಕೊಂಡ ವೈನ್ ಬಾಟಲಿಗಳನ್ನು ರೂಮಿನಲ್ಲೇ ಬಿಟ್ಟು ಬನ್ನಿ. ದಾಸೋಹದ ಊಟ ಮಾಡಿ.

ಮನೆಗೆ ಒಯ್ಯುವುದು

ಒಣದ್ರಾಕ್ಷಿಯನ್ನು ಶೆಡ್ಡಿನಲ್ಲೇ ಕೊಂಡರೆ ಅಗ್ಗ. ಒಂದು ಮುಷ್ಟಿ ಒತ್ತಿ ಹಿಡಿದು ಬಿಡಿ. ಕಾಳು ಮತ್ತೆ ಬಿಡಿಬಿಡಿಯಾದರೆ ಸರಿಯಾಗಿ ಒಣಗಿದೆ, ಮುದ್ದೆಯಾಗಿ ಅಂಟಿದರೆ ಬೇಡ. ತುಂಬ ಹೊಳೆಯುವ ಹಸಿರು ಬಣ್ಣಕ್ಕೆ ಮರುಳಾಗಬೇಡಿ, ಬಣ್ಣ ಹಾಗೇ ಉಳಿಯಲೆಂದು ಗಂಧಕದ ಹೊಗೆ ಕೊಟ್ಟಿರುತ್ತಾರೆ. ಉಬ್ಬಸ ಇರುವವರಿಗೆ ಅದು ಆಗಿಬರುವುದಿಲ್ಲ. "ಗಂಧಕ ಹಾಕದ್ದು ಕೊಡ್ರಿ" ಎಂದು ಕೇಳಿದರೆ ಕಂದು ಬಣ್ಣದ್ದನ್ನು ತೆಗೆದುಕೊಡುತ್ತಾರೆ. ನೋಡಲು ಸಪ್ಪೆ, ತಿನ್ನಲು ಅದೇ ಚೆನ್ನ. ಮನೆಗೆ ಹೋದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಜೊತೆಗೆ ಒಂದು ಚೀಲ ಇಂಡಿ ನಿಂಬೆ, ಕಟ್ಟು ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ.

ತೋಟದವರ ಫೋನ್ ನಂಬರ್ ಬರೆದುಕೊಂಡು ಹೋಗಿ. ನವೆಂಬರ್‌ನಲ್ಲಿ ನಮ್ಮ ಕಡೆ ಅಕಾಲ ಮಳೆ ಎಂದು ಸುದ್ದಿ ಓದಿದರೆ ಒಂದು ಕರೆ ಮಾಡಿ, "ಪಡ ಹೆಂಗೈತ್ರಿ ಕಾಕಾ?" ಎಂದು ಕೇಳಿ.